ಹಿತ್ತಲ ಬಾಗಿಲಿಂದ ಬಂದ ನೆಂಟರು

ಹೊಸದಾಗಿ ಈ ಕೆಲಸಕ್ಕೆ ಸೇರಲಿರುವ ಹುಡುಗ ಹುಡುಗಿಯರು ಈಗಲೂ ಆಗೊಮ್ಮೆ ಈಗೊಮ್ಮೆ ಅರಕೆರೆಯ ನಮ್ಮ ಮನೆ ಹುಡುಕಿಕೊಂಡು ಬರುತ್ತಾರೆ. ಕಾಫಿ ಕುಡಿದು, ಲೋಟ ಕೆಳಗಿಟ್ಟು, ಸ್ವಲ್ಪ ಸಂಕೋಚದಿಂದ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: “ಮೇಡಂ, ಅವರು ಹೊಡೀತಾರಾ?” ಹೊಡೆಯುವುದಿಲ್ಲ ಕಣ್ರಪ್ಪಾ. ಆದರೆ ಚೌಕಾಬಾರದಲ್ಲಿ ಹಾಡಹಗಲೇ ಮೋಸ ಮಾಡುತ್ತಾರೆ. ನಿಮ್ಮ ಸೀರೆ ಚೆನ್ನಾಗಿಲ್ಲದಿದ್ದರೆ ಮುಖದ ಮೇಲೇ ಹೇಳುತ್ತಾರೆ. ನೀವು ಒಂದು ದಿನ ರಜೆ ಹಾಕಿದರೆ ಮಾರನೆಯ ದಿನ ಗಂಡ ಹೆಂಡತಿ ಜಗಳವಾಯಿತಾ ಎಂದು ವಿಚಾರಿಸುತ್ತಾರೆ. ಇಷ್ಟಕ್ಕೆ ತಯಾರಿದ್ದರೆ ಧೈರ್ಯವಾಗಿ ಸೇರಿಕೊಳ್ಳಿ.

ನಾನು ನಿವೃತ್ತಿಯಾಗುವವರೆಗೆ ಕೆಲಸ ಮಾಡಿದ್ದು ಪಾಂಡವಪುರದ ಒಂದು ಕ್ಲಬ್‌ಹೌಸಿನಲ್ಲಿ. ನಮ್ಮ ಕಡೆ ಕ್ಲಬ್ಬು ಎಂದರೆ ಇಸ್ಪೀಟು, ಬಾಟ್ಲಿ. ಕೆಲಸ ಸಿಕ್ಕಿತು ಎಂದಾಗ ನಮ್ಮ ಯಜಮಾನರು, “ಈ ವಯಸ್ಸಿನಲ್ಲಿ ಕ್ಲಬ್ಬಿಗೆ ಹೋಗ್ತೀಯಾ ಸರೋಜಾ?” ಎಂದು ಬಾಯಿ ಬಿಟ್ಟುಕೊಂಡು ನೋಡಿದ್ದರು. ಅದು ಮನಸ್ಸಿನ ಕಾಯಿಲೆಯೊಂದಿಗೆ ಬದುಕುತ್ತಿರುವವರು ಹಗಲು ಹೊತ್ತು ಬಂದು ಸೇರುವ ಬಾಡಿಗೆ ಮನೆ. ಮಾತ್ರೆ, ಸೂಜಿ ಎಲ್ಲ ಆಸ್ಪತ್ರೆಯವರ ಪಾಲು. ನಮ್ಮಲ್ಲಿ ಒಟ್ಟಿಗೆ ಗುಡಿಸುವುದು, ಒಟ್ಟಿಗೆ ಅಡುಗೆ, ಒಟ್ಟಿಗೆ ಊಟ, ಹರಟೆ. ಬರುವವರನ್ನು ರೋಗಿ ಎನ್ನುವ ಹಾಗಿಲ್ಲ, ಸದಸ್ಯರು ಎನ್ನಬೇಕು. ಸಂಬಳ ತೆಗೆದುಕೊಳ್ಳುವ ನಾವು ನಾಲ್ಕು ಜನವೂ ಅವರ ಜೊತೆಗೇ ಪಾತ್ರೆ ತೊಳೆಯಬೇಕು. ನೋಡುವವರಿಗೆ ಯಾರು ಯಾರು ಎಂದು ಗೊತ್ತಾಗುತ್ತಿರಲಿಲ್ಲ. ಒಮ್ಮೆ ನೋಡಲು ಬಂದ ಸಾಹೇಬರೊಬ್ಬರು ನನ್ನ ಭುಜ ತಟ್ಟಿ, “ಮಾತ್ರೆ ಸರಿಯಾಗಿ ತಗೋತಾ ಇದೀರಾ ತಾಯಿ?” ಎಂದಿದ್ದರು. ಬಿಪಿ ಮಾತ್ರೆ ತೆಗೆದುಕೊಳ್ಳುತ್ತಿದ್ದೆನಲ್ಲ, ಹೂಂ ಸಾರ್ ಎಂದೆ.

ಆಗ ನಮ್ಮ ಮೇಲಿದ್ದವರು ದಿವಾಕರ ಸರ್. ಮೈಸೂರಿನವರು, ಓದಿಕೊಂಡವರು, ಇಸ್ತ್ರಿ ಕೆಡದ ಅಂಗಿ, ಮನಸ್ಸು ಒಳ್ಳೆಯದು. ಸದಸ್ಯರು ಒಬ್ಬರೊಡನೊಬ್ಬರು ಬೆರೆಯಬೇಕು ಎಂಬುದು ಅವರ ದೊಡ್ಡ ಆಸೆ. ಕಾಯಿಲೆ ಬಂದ ಮೇಲೆ ಮನುಷ್ಯನಿಗೆ ಮೊದಲು ಇಲ್ಲವಾಗುವುದು ಜೊತೆ ಎಂದು ಅವರು ಹೇಳುತ್ತಿದ್ದುದು ಸರಿಯಾಗಿಯೇ ಇತ್ತು. ಅದಕ್ಕೆಂದು ದಿನವೂ ಊಟಕ್ಕೆ ಮುಂಚೆ ಒಂದು ಹೊತ್ತು ಇಟ್ಟರು. ಎಲ್ಲರೂ ಸುತ್ತಲೂ ಕುರ್ಚಿ ಹಾಕಿಕೊಂಡು ಕೂರಬೇಕು, ಇವತ್ತು ತಮ್ಮ ಮನಸ್ಸು ಹೇಗಿದೆ ಎಂದು ಒಬ್ಬೊಬ್ಬರೇ ಹೇಳಬೇಕು. ಮೊದಲನೆಯವರು “ಚೆನ್ನಾಗದೆ ಸಾರ್” ಎನ್ನುವರು. ಅದೇ ‘ಚೆನ್ನಾಗದೆ’ ಕುರ್ಚಿಯಿಂದ ಕುರ್ಚಿಗೆ ಸುತ್ತಿಕೊಂಡು ಪುಟ್ಟತಾಯಮ್ಮನ ಹತ್ತಿರ ಬರುವುದು. ಅವಳು ಸಂತೆಬಾಚಹಳ್ಳಿಯ ಸಂತೆಯಲ್ಲಿ ಸೊಪ್ಪು ಮಾರಿದವಳು, ಕಾಯಿಲೆಯಾದ ಮೇಲೆ ಪಾಂಡವಪುರಕ್ಕೆ ಮಗಳ ಮನೆಗೆ ಬಂದು ಸೇರಿದ್ದಳು. ಕಾಯಿಲೆ ಏರಿದಾಗ ಮೂರು ದಿನ ನಿದ್ದೆಯಿಲ್ಲದೆ ಮಾತಾಡುವ ಹೆಂಗಸು, ಇಳಿದಾಗಲೂ ಸುಮ್ಮನಿರುವವಳಲ್ಲ. “ನನ್ ಮನ್ಸು ಅಟ್ಲಾಗಿರ್ಲಿ, ಮುದ್ದೆಗೆ ಸಾರೇನು ಸಾರ್?” ಎನ್ನುವಳು. ಬೆರೆಯುವ ಹೊತ್ತು ಅಲ್ಲಿಗೆ ಮುಗಿಯುತ್ತಿತ್ತು.

ಇದು ಬದಲಾದದ್ದು ಅವರೆಕಾಯಿಯಿಂದ. ಒಂದು ಚಳಿಗಾಲ ಸದಸ್ಯರೊಬ್ಬರ ಹೊಲದಿಂದ ಒಂದು ಮೂಟೆ ಸೊಗಡವರೆ ಬಂತು. ಹಿತಕವರೆ ಸಾರು ಮಾಡೋಣ ಎಂದು ಕಾಳು ಬಿಡಿಸಿ ನೆನೆಹಾಕಿದೆವು. ಹಿತಕುವುದೆಂದರೆ ಗೊತ್ತಲ್ಲ, ಒಂದೊಂದೇ ಕಾಳನ್ನು ಬೆರಳಲ್ಲಿ ಹಿಸುಕಿ ಸಿಪ್ಪೆ ಬೇರೆ, ಬೇಳೆ ಬೇರೆ ಮಾಡಬೇಕು. ದೊಡ್ಡ ಪರಾತದ ಸುತ್ತ ಎಲ್ಲರೂ ನೆಲಕ್ಕೆ ಕುಳಿತರು. ದಿವಾಕರ ಸರ್ ಕೂಡ ಪ್ಯಾಂಟು ಮಡಚಿ ಕುಳಿತರು. ಜಬ್ಬಾರ್ ಎಂಬ ಸದಸ್ಯ ಹಿಸುಕಿದ ಬೇಳೆಯೊಂದು ಚಿಮ್ಮಿ ನೆಟ್ಟಗೆ ಹೋಗಿ ಅವರ ಕನ್ನಡಕಕ್ಕೆ ಅಂಟಿಕೊಂಡಿತು. ಆಗ ಮೂಲೆಯಿಂದ ಒಂದು ನಗು ಕೇಳಿಸಿತು. ಬಂದಾಗಿನಿಂದ ‘ಚೆನ್ನಾಗದೆ’ ಬಿಟ್ಟು ಬೇರೆ ಮಾತಾಡದ ಕಾಳಾಚಾರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. “ಸಾರ್‌ಗೆ ಒಂದೇ ಕಣ್ಣು ಮಡಗ್ಬುಟ್ಟ ಕಣ್ಲಾ ಜಬ್ಬಾರ!” ಎಂದ. ಸರ್ ಕೂಡ ನಕ್ಕರು. ಅವತ್ತು ಊಟ ತಡವಾಯಿತು, ಏಕೆಂದರೆ ಮಾತು ನಿಲ್ಲಲೇ ಇಲ್ಲ.

ಕೈಗೆ ಕೆಲಸವಿದ್ದರೆ ಎದುರಿನವರ ಕಣ್ಣು ನೋಡಬೇಕಾಗಿಲ್ಲ, ಮಾತು ನಿಂತರೂ ಅವಮಾನವಿಲ್ಲ. ಮಾರನೆಯ ದಿನ ಸರ್ ಅವರೇ ಕುರ್ಚಿಗಳನ್ನು ಎತ್ತಿಸಿಬಿಟ್ಟರು. ಅಲ್ಲಿಂದಾಚೆಗೆ ನಮ್ಮಲ್ಲಿ ಬಂದವರು ಸುಮ್ಮನೆ ಕೂರುವಂತಿಲ್ಲ, ಯಾವ ಕೆಲಸ ನಡೆಯುತ್ತಿದೆಯೋ ಅದಕ್ಕೆ ಕೈಹಾಕಬೇಕು ಎಂಬುದೇ ರೂಢಿಯಾಯಿತು. ಸದಸ್ಯರಿಗೆ ಇದು ಎಷ್ಟು ಮೈಗೂಡಿತೆಂದರೆ ಯಾರ ಮನೆಗೆ ಹೋದರೂ ಮೊದಲು ಪೊರಕೆ ಎಲ್ಲಿದೆ ಎಂದು ನೋಡುತ್ತಿದ್ದರು.

ಕಾಳಾಚಾರಿಯ ಬಗ್ಗೆ ಹೇಳಬೇಕು. ಶೀಳನೆರೆಯ ಮರಗೆಲಸದ ಮನೆತನ. ಐವತ್ತರ ಹತ್ತಿರದ ಆಳು, ಒಳ್ಳೆಯ ಎತ್ತರ. ಹರೆಯದಲ್ಲೇ ಕಿವಿಯೊಳಗೆ ಯಾರೋ ಮಾತಾಡುವ ಕಾಯಿಲೆ ಶುರುವಾಗಿ ಮದುವೆಯಾಗಲಿಲ್ಲ. ತಂದೆ ತಾಯಿ ತೀರಿಹೋದ ಮೇಲೆ ನೋಡಿಕೊಂಡವನು ತಮ್ಮ ಮಂಜಾಚಾರಿ. ಬಾಗಿಲು, ಕಿಟಕಿ ಮಾಡುವ ಅಂಗಡಿ ಅವನದು. ಆ ತಮ್ಮನ ಒಬ್ಬಳೇ ಮಗಳು ಭವ್ಯ. ಕಾಳಾಚಾರಿ ಬಾಯಿ ಬಿಟ್ಟ ಮೇಲೆ ಅವನ ಬಾಯಲ್ಲಿ ಇದ್ದದ್ದು ಆ ಹುಡುಗಿಯೊಬ್ಬಳೇ. ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬೆಳೆಸಿದವನು ಅವನು. “ನಮ್ ಭವ್ಯನ್ ಮದ್ವೇಲಿ ನಾನು ಪಂಚೆ ಉಟ್ಕಂಡು ಮುಂದ್ಗಡೆ ನಿಂತ್ಕಬೇಕು ಅಕ್ಕ. ಅದೊಂದು ಆಗ್ಬುಟ್ರೆ ಸಾಕು,” ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದ. ಈ ಲೋಕದಲ್ಲಿ ಅವನು ಕೇಳಿದ್ದು ಇಷ್ಟೇ.

ಅವನಿಗೆ ಜಬ್ಬಾರನ ಸ್ನೇಹವಾಯಿತು. ಜಬ್ಬಾರ್ ಶ್ರೀರಂಗಪಟ್ಟಣದವನು, ಆಟೊ ಓಡಿಸುತ್ತಿದ್ದವನು. ಕಾಯಿಲೆಯಾಗಿ ಎರಡು ಸಲ ಆಸ್ಪತ್ರೆ ಸೇರಿದ ಮೇಲೆ ಆಟೊ ಬಿಟ್ಟಿದ್ದ. ಮಾತ್ರೆಯ ದೆಸೆಯಿಂದ ಕಾಳಾಚಾರಿಗೆ ಕೈ ನಡುಕ. ಟೀ ಲೋಟ ಹಿಡಿದರೆ ಅರ್ಧ ಅಂಗಿಯ ಮೇಲೆ. ಒಂದು ದಿನ ಜಬ್ಬಾರ್ ಏನೂ ಹೇಳದೆ ಪಕ್ಕ ಕುಳಿತು ಲೋಟದ ಬುಡಕ್ಕೆ ಕೈ ಕೊಟ್ಟ. ಆಮೇಲೆ ಅದೇ ಅಭ್ಯಾಸವಾಯಿತು. ಇಬ್ಬರೂ ಬೇರೆಲ್ಲೋ ನೋಡಿಕೊಂಡು, ಕಬ್ಬಿನ ರೇಟು ಮಾತಾಡಿಕೊಂಡು, ಒಂದು ಲೋಟವನ್ನು ಎರಡು ಕೈಯಲ್ಲಿ ಹಿಡಿದಿರುತ್ತಿದ್ದರು.

ಇನ್ನೊಂದು ರೂಢಿಯನ್ನೂ ಇಲ್ಲೇ ಹೇಳುತ್ತೇನೆ. ಯಾರಾದರೂ ಹೇಳದೆ ಕೇಳದೆ ಬರುವುದು ನಿಲ್ಲಿಸಿದರೆ ಜೊತೆಗಾರರೇ ಹೋಗಿ ನೋಡಿಕೊಂಡು ಬರುತ್ತಿದ್ದರು. ಮೊದಮೊದಲು ಕ್ಲಬ್‌ಹೌಸ್ ನಡೆಸುವ ಸಂಸ್ಥೆಯ ಜೀಪು ಮನೆ ಮುಂದೆ ನಿಲ್ಲುತ್ತಿತ್ತು. ಜೀಪು ಕಂಡ ಕೂಡಲೇ ಬೀದಿಗೆ ಬೀದಿಯೇ ಬಾಗಿಲಿಗೆ ಬರುವುದು, ಮನೆಯವರು ಮುಖ ಮುಚ್ಚಿಕೊಳ್ಳುವುದು. ಅದಕ್ಕೇ ಜೀಪು ಬಿಟ್ಟು ಬಸ್ಸಿನಲ್ಲಿ ಹೋಗುವುದು, ಹಿತ್ತಲ ಕಡೆಯಿಂದ ಬಳಕೆಯವರ ಹಾಗೆ ಒಳಗೆ ಹೋಗುವುದು, ಕೈಗೆ ಸಿಕ್ಕ ಕೆಲಸ ಮಾಡಿಕೊಡುತ್ತಾ ಮಾತಾಡುವುದು ಎಂದು ಗೊತ್ತು ಮಾಡಿಕೊಂಡೆವು. ಬಹಳ ಚೆನ್ನಾಗಿ ನಡೆಯುತ್ತಿತ್ತು. ಅದರಿಂದಲೇ ಶೀಳನೆರೆಯ ಫಜೀತಿಯೂ ಆಯಿತು.

ಕಾಳಾಚಾರಿ ಒಂದು ವಾರ ಬರಲಿಲ್ಲ. ಫೋನು ಮಾಡಿದರೆ ತಮ್ಮ ಎತ್ತಲಿಲ್ಲ. ಶುಕ್ರವಾರ ಪುಟ್ಟತಾಯಮ್ಮ, ಜಬ್ಬಾರ್, ಇನ್ನಿಬ್ಬರು ಸದಸ್ಯರು, ನಾನು ಬಸ್ಸು ಹತ್ತಿದೆವು. ಶೀಳನೆರೆಯಲ್ಲಿ ಇಳಿದು, ನೀವು ನಡೀರಿ, ಬಾಳೆಹಣ್ಣು ತಗೊಂಡು ಬರ್ತೀನಿ ಎಂದು ನಾನು ಅಂಗಡಿಯ ಹತ್ತಿರ ನಿಂತೆ. ಹಣ್ಣು ಹಿಡಿದು ಮುಂಬಾಗಿಲಿಗೆ ಬಂದರೆ ಮನೆ ಮುಂದೆ ಎರಡು ಕಾರು, ಮೆಟ್ಟಿಲ ತುಂಬ ಚಪ್ಪಲಿ. ಒಳಗೆ ಜಮಖಾನೆಯ ಮೇಲೆ ಜನ. ಭವ್ಯ ರೇಷ್ಮೆ ಸೀರೆಯುಟ್ಟು ಕಾಫಿ ತಟ್ಟೆ ಹಿಡಿದು ನಿಂತಿದ್ದಾಳೆ. ಹೆಣ್ಣು ನೋಡುವ ಶಾಸ್ತ್ರ!

ನನಗಿಂತ ಮುಂಚೆ ಹಿತ್ತಲಿಂದ ಹೋದವರು ಆಗಲೇ ಕೆಲಸ ಶುರು ಮಾಡಿಬಿಟ್ಟಿದ್ದರು. ಇಬ್ಬರು ಪಾತ್ರೆ ಉಜ್ಜುತ್ತಿದ್ದರು. ಪುಟ್ಟತಾಯಮ್ಮ ಸೆರಗು ಸಿಕ್ಕಿಸಿಕೊಂಡು ಉಪ್ಪಿಟ್ಟಿನ ತಟ್ಟೆಗಳನ್ನು ಹಿಡಿದು ನಡುಮನೆಗೆ ಬಂದಳು. ಮಂಜಾಚಾರಿಯ ಹೆಂಡತಿಯ ಮುಖದಲ್ಲಿ ರಕ್ತವಿರಲಿಲ್ಲ.

“ಇವ್ರು ಯಾರು, ಅಡುಗೆಯೋರಾ?” ಎಂದರು ಗಂಡಿನ ತಾಯಿ.

“ಅಡುಗೆಯೋರಲ್ಲ ಕಣವ್ವ,” ಎಂದಳು ಪುಟ್ಟತಾಯಮ್ಮ, ತಟ್ಟೆ ಅವರ ಕೈಗೆ ಕೊಡುತ್ತಾ. “ನಾವು ಕಾಳಣ್ಣನ್ ಜೊತೆಯೋರು. ಒಂದ್ ವಾರದಿಂದ ಕಾಣ್ನಿಲ್ವಲ್ಲ, ಎಂಗವ್ನೆ ನೋಡ್ಕಂಡು ವೋಗಾನ ಅಂತ ಬಂದೋ.”

“ಯಾವ್ ಕಾಳಣ್ಣ?”

“ಅಯ್ಯೋ, ಹುಡ್ಗಿ ದೊಡ್ಡಪ್ಪ ಕಣವ್ವ!”

ಗಂಡಿನ ತಂದೆ ತಿನ್ನುತ್ತಿದ್ದ ಉಪ್ಪಿಟ್ಟನ್ನು ಹಾಗೇ ಕೆಳಗಿಟ್ಟರು. ಮಂಜಾಚಾರಿಯ ಕಡೆ ತಿರುಗಿ, “ಒಡಹುಟ್ಟಿದೋರು ಯಾರೂ ಇಲ್ಲ ಅಂದಿದ್ರಲ್ಲ,” ಎಂದರು.

ಪರರ ಅಡುಗೆಮನೆಗೆ ಹೋಗಬಾರದೆಂದು ಹಿತ್ತಲಲ್ಲೇ ನಿಂತಿದ್ದ ಜಬ್ಬಾರನಿಗೆ ಅಷ್ಟರಲ್ಲಿ ಮರದ ಕೊಟ್ಟಿಗೆಯಿಂದ ಕೆಮ್ಮು ಕೇಳಿಸಿತಂತೆ. ಹೋಗಿ ಅಗುಳಿ ತೆಗೆದ. ಕಾಳಾಚಾರಿ ಹಲಗೆಗಳ ನಡುವೆ ಕುಳಿತಿದ್ದ, ಗಡ್ಡ ಹೆರೆದು, ಮಡಿ ಪಂಚೆ ಉಟ್ಟುಕೊಂಡು. ಯಾರಾದರೂ ಕರೆಯಬಹುದು ಎಂದು ಬೆಳಗ್ಗೆಯೇ ತಯಾರಾಗಿದ್ದನಂತೆ. ಅಗುಳಿ ತೆಗೆದದ್ದನ್ನೇ ಕರೆ ಎಂದುಕೊಂಡು ನಡುಮನೆಗೆ ಬಂದು, ಎಲ್ಲರಿಗೂ ಕೈಮುಗಿದು, ಜಮಖಾನೆಯ ಅಂಚಿನಲ್ಲಿ ಕುಳಿತ. ಭವ್ಯ ನೇರವಾಗಿ ಅವನ ಹತ್ತಿರ ಹೋಗಿ ಕಾಫಿ ಕೊಟ್ಟಳು. ಲೋಟ ಗಡಗಡ ನಡುಗಿತು. ಹಿಂದೆಯೇ ಬಂದಿದ್ದ ಜಬ್ಬಾರ್ ಪಕ್ಕ ಕುಳಿತು ಎಂದಿನಂತೆ ಬುಡಕ್ಕೆ ಕೈ ಕೊಟ್ಟ.

“ಯಾಕಣ್ಣ, ಕೈ ಅಂಗ್ ನಡುಗ್ತದೆ?” ಎಂದರು ಗಂಡಿನ ತಾಯಿ.

“ಮಾತ್ರೆ ತಗತೀನಿ ಕಣವ್ವ. ತಲೇಲಿ ಒಸಿ ಸದ್ದಾಯ್ತಿತ್ತು, ಈಗ ಕಮ್ಮಿ ಆಗದೆ,” ಎಂದ ಕಾಳಾಚಾರಿ. ಆಮೇಲೆ ಲೋಟವನ್ನು ಜಬ್ಬಾರನಿಗೆ ಬಿಟ್ಟು ಎರಡೂ ಕೈ ಜೋಡಿಸಿ, “ನಮ್ ಮಗ ಬಾಳ ಒಳ್ಳೇದು ಕಣವ್ವ. ಒಪ್ಕಳಿ,” ಎಂದ. ನಮ್ಮ ಕಡೆ ಮುದ್ದಿನ ಹೆಣ್ಣುಮಗುವನ್ನೂ ಮಗ ಎನ್ನುತ್ತೇವೆ.

ಗಂಡಿನ ಕಡೆಯವರು ಕೆಟ್ಟವರಲ್ಲ, ಕಾಫಿ ಮುಗಿಸಿಯೇ ಎದ್ದರು. ಊರಿಗೆ ಹೋಗಿ ಫೋನ್ ಮಾಡ್ತೀವಿ ಎಂದರು. ಆ ಮಾತಿನ ಅರ್ಥ ಹೆಣ್ಣು ಹೆತ್ತವರಿಗೆಲ್ಲ ಗೊತ್ತು. ಕಾರು ತಿರುಗಿದ ಮೇಲೆ ಮಂಜಾಚಾರಿ ನನ್ನ ಮೇಲೆ ಹರಿಹಾಯ್ದ. “ನನ್ ಮಗ್ಳು ಬಾಳು ಹಾಳ್ ಮಾಡಕೆ ಬಂದ್ರಾ ಮೇಡಂ? ಗಂಡಿನ್ ಕಡೆಯೋರು ಬಂದೋಗೋಗಂಟ ಎಲ್ಲೂ ವೋಗ್ಬೇಡ, ಇವತ್ತೊಂದ್ ದಿವ್ಸ ಒಳಗಿರಣ್ಣ ಅಂದಿದ್ದೆ. ಇವ್ನ ಹೊಟ್ಟೆಬಟ್ಟೆ ಯಾವತ್ತಾರ ಕಮ್ಮಿ ಮಾಡಿದ್ನಾ? ಇನ್ಮೇಲೆ ಇವ್ನು ನಿಮ್ ಕ್ಲಬ್ಬಿಗೆ ಬರಾಕಿಲ್ಲ, ನೀವೂ ಈ ಅಟ್ಟಿ ತಾವ ಕಾಲಿಕ್ಬೇಡಿ!” ಅವನ ಕಣ್ಣಲ್ಲಿ ನೀರಿತ್ತು. ಹೆಣ್ಣು ಹೆತ್ತ ಅಪ್ಪನ ಸಂಕಟ ಅದು, ಅವನನ್ನು ಬಯ್ಯಲು ನನಗೆ ಬಾಯಿ ಬರಲಿಲ್ಲ. ಕಾಳಾಚಾರಿ ಮಾತ್ರ ಎಲ್ಲರ ಮುಖ ನೋಡುತ್ತಾ, “ಒಪ್ಪುದ್ರಾ? ಏನಂದ್ರು?” ಎಂದು ಕೇಳುತ್ತಲೇ ಇದ್ದ.

ಬಸ್ಸಿನಲ್ಲಿ ಪುಟ್ಟತಾಯಮ್ಮ ಮೊದಲ ಸಲ ಮಾತಿಲ್ಲದೆ ಕುಳಿತಿದ್ದಳು. ಪಾಂಡವಪುರ ಹತ್ತಿರವಾದಾಗ, “ನನ್ ಬಾಯಿಗೆ ಮಣ್ಣಾಕ,” ಎಂದು ಗೊಳೋ ಎಂದು ಅತ್ತಳು. ಕಂಡಕ್ಟರು ಯಾರೋ ಸತ್ತಿರಬೇಕೆಂದುಕೊಂಡು ಚಿಲ್ಲರೆ ಕೇಳದೆ ಮುಂದೆ ಹೋದ.

ಮಾರನೆಯ ದಿನ ದಿವಾಕರ ಸರ್ ಎಲ್ಲರನ್ನೂ ಸೇರಿಸಿ, ಇನ್ನು ಮುಂದೆ ಮನೆಯವರು ಒಪ್ಪದೆ ಯಾರೂ ಯಾರ ಮನೆಗೂ ಹೋಗಬಾರದು ಎಂದರು. ಹೇಳಿದ್ದರಲ್ಲಿ ತಪ್ಪಿರಲಿಲ್ಲ. ನೀವೂ ಹಾಗೇ ಮಾಡಿ. ಆದರೆ ಜಬ್ಬಾರ್ ಎದ್ದು ನಿಂತ. “ಸಾರ್, ನಾನು ಆಸ್ಪತ್ರೇಲಿ ಇದ್ದಾಗ ದಿನಾ ಗೇಟ್ ನೋಡ್ತಿದ್ದೆ. ಅಮ್ಮಿ ಬರ್ತಾರೆ, ದೋಸ್ತ್‌ಗಳು ಬರ್ತಾರೆ ಅಂತ. ಯಾರೂ ಬರ್ಲಿಲ್ಲ. ಕಾಳಾ ಭಾಯ್ ಈಗ ಅಂಗೇ ನೋಡ್ತಾ ಇರ್ತಾನೆ,” ಎಂದ. ಸರ್ ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. “ಮನೆಗೆ ಬೇಡ ಜಬ್ಬಾರ್. ಎದುರಿಗೆ ಟೀ ಅಂಗಡಿ ಇದ್ದರೆ ಅಲ್ಲಿ ಕೂತು ಟೀ ಕುಡಿದು ಬಾ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ,” ಎಂದರು. ಅವರ ಕೈಕೆಳಗೆ ಕೆಲಸ ಮಾಡಿದ್ದಕ್ಕೆ ನನಗೆ ಹೆಮ್ಮೆ.

ಜಬ್ಬಾರ್ ಪ್ರತಿ ಗುರುವಾರ ಹೋದ. ಟೀ ಕುಡಿಯುವುದು, ಎದುರಿನ ಮಂಜಾಚಾರಿಯ ಅಂಗಡಿಯ ಒಳಗೆ ಕಾಳಾಚಾರಿ ಕಂಡರೆ ಕೈಯೆತ್ತುವುದು, ಬರುವುದು. ಮಂಜಾಚಾರಿ ಮುಖ ತಿರುಗಿಸುತ್ತಿದ್ದ. ಕಾಳಾಚಾರಿ ಇಳಿದುಹೋಗಿದ್ದಾನೆ, ಗೋಡೆಯ ಜೊತೆ ಮಾತಾಡುತ್ತಾನೆ ಎಂದು ಜಬ್ಬಾರ್ ಬಂದು ಹೇಳಿದಾಗ ನಮಗೆ ಊಟ ಸೇರುತ್ತಿರಲಿಲ್ಲ. ಹೀಗೇ ತಿಂಗಳುಗಟ್ಟಲೆ ನಡೆಯಿತು.

ಒಂದು ಗುರುವಾರ ಮಂಜಾಚಾರಿ ತೇಗದ ಬಾಗಿಲುವಾಡದ ಭಾರಿ ಚೌಕಟ್ಟನ್ನು ಟೆಂಪೊಗೆ ಏರಿಸಬೇಕಿತ್ತು. ಆಳು ಬಂದಿರಲಿಲ್ಲ. ಅವನೊಬ್ಬನೇ ಒದ್ದಾಡುವುದನ್ನು ನೋಡಿ ಜಬ್ಬಾರ್ ಟೀ ಬಿಟ್ಟು ಎದ್ದುಹೋಗಿ ಒಂದು ತುದಿ ಹಿಡಿದ. ನಮ್ಮ ಕ್ಲಬ್‌ಹೌಸಿನ ಅಭ್ಯಾಸ ಎಲ್ಲಿ ಹೋಗುತ್ತದೆ! ಒಳಗಿಂದ ಕಾಳಾಚಾರಿಯೂ ಬಂದು ನಡುವೆ ಹೆಗಲು ಕೊಟ್ಟ. ವಾಡ ಏರಿತು. ಮಂಜಾಚಾರಿ ಮೈ ಒರೆಸಿಕೊಂಡು ಮೂರು ಟೀ ಹೇಳಿದ. ಕಾಳಾಚಾರಿಯ ಲೋಟಕ್ಕೆ ಜಬ್ಬಾರ್ ಕೈ ಕೊಟ್ಟಿದ್ದನ್ನು ನೋಡುತ್ತಾ ಕುಳಿತಿದ್ದನಂತೆ. ಕೊನೆಗೆ, “ನಮ್ಮಣ್ಣನ್ ನೋಡಕೆ ಅಷ್ಟು ದೂರದಿಂದ ಬತ್ತೀಯ. ಈ ಊರಲ್ಲಿ ನಮ್ಮಟ್ಟಿಗೆ ಯಾರೂ ಬರಾಕಿಲ್ಲ ಕಣಪ್ಪ,” ಎಂದನಂತೆ. ಅಣ್ಣನ ಕಾಯಿಲೆ ತಮ್ಮನ ಜೊತೆಯನ್ನೂ ಕಿತ್ತುಕೊಂಡಿತ್ತು ಎಂಬುದು ನನಗೆ ಹೊಳೆದದ್ದು ಆಗಲೇ. ಮನೆಯವರನ್ನು ದೂರುವ ಮುಂಚೆ ನೀವು ಇದನ್ನು ನೆನಪಿಡಿ.

ಮುಂದಿನ ಸೋಮವಾರ ಕಾಳಾಚಾರಿ ಬಸ್ಸಿಳಿದು ಬಂದ. ಪುಟ್ಟತಾಯಮ್ಮ ಬಾಗಿಲಲ್ಲೇ ಅವನ ಕೆನ್ನೆ ಮುಟ್ಟಿ ದೃಷ್ಟಿ ತೆಗೆದು, “ಎಷ್ಟ್ ಸೊರಗೋಗಿದ್ದೀಯ ಕಣಣ್ಣ,” ಎಂದಳು. ಅಷ್ಟರಲ್ಲಿ ಮನೆಯಲ್ಲಿ ಭವ್ಯ ಕೂಡ ಹಟ ಹಿಡಿದಿದ್ದಳು. ದೊಡ್ಡಪ್ಪ ಮುಂದೆ ಕುಳಿತಿಲ್ಲದಿದ್ದರೆ ಇನ್ನೊಂದು ಸಲ ತಾನು ತಟ್ಟೆ ಹಿಡಿದು ನಿಲ್ಲುವುದಿಲ್ಲ ಎಂದು ಅಪ್ಪನಿಗೆ ಖಡಾಖಂಡಿತ ಹೇಳಿಬಿಟ್ಟಿದ್ದಳು. ಆಮೇಲೆ ಬಂದ ಗಂಡುಗಳಿಗೆಲ್ಲ ಮೊದಲೇ ಎಲ್ಲ ಹೇಳಿದರು. ಕೆಲವರು ಬಂದು ಹೋದರು, ಕೆಲವರು ಬರಲೇ ಇಲ್ಲ. ತನ್ನಿಂದಲೇ ಕೆಡುತ್ತಿದೆ ಎಂದು ಕಾಳಾಚಾರಿ ಕೊರಗಿದರೆ ಭವ್ಯ ಹೇಳಿದಳಂತೆ, “ಬುಡು ದೊಡ್ಡಪ್ಪ. ನಿನ್ ಕಂಡು ಓಡೋಗೋರು, ನಾಳೆ ನಾನ್ ಕಾಯ್ಲೆ ಬಿದ್ರೂ ಓಡೋಯ್ತಾರೆ.” ಇದನ್ನು ಕಾಳಾಚಾರಿ ನಮಗೆ ಹೇಳುವಾಗ ಎಲ್ಲರೂ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿದ್ದರು. ಕೊನೆಗೆ ನಾಗಮಂಗಲದ ಹುಡುಗನೊಬ್ಬ ಬಂದ. ಹಿತ್ತಾಳೆ ಕೆಲಸದವರು. ಆ ಹುಡುಗನ ತಂದೆ ಕಾಳಾಚಾರಿಯ ಪಕ್ಕ ಕುಳಿತು ಹೊನ್ನೆ ಒಳ್ಳೆಯದೋ ತೇಗ ಒಳ್ಳೆಯದೋ ಎಂದು ಮಾತಿಗೆ ಶುರು ಮಾಡಿದರಂತೆ. ಮಾತು ಮುಗಿಯುವ ಹೊತ್ತಿಗೆ ಮದುವೆ ಗೊತ್ತಾಗಿತ್ತು.

ಮಂಜಾಚಾರಿ ಹೆಂಡತಿಯನ್ನು ಕರೆದುಕೊಂಡು ಕ್ಲಬ್‌ಹೌಸಿಗೆ ಬಂದ. ತಟ್ಟೆಯಲ್ಲಿ ಅರಿಸಿನ ಕುಂಕುಮ, ಎಲೆ ಅಡಿಕೆ. ಒಟ್ಟಾರೆ ಎಲ್ಲರೂ ಬನ್ನಿ ಎಂದು ಹೋಗಬಹುದಿತ್ತು. ಹಾಗೆ ಮಾಡಲಿಲ್ಲ. ಅಣ್ಣನನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು, ಒಬ್ಬೊಬ್ಬರ ಹೆಸರು ಕೇಳಿ, ಒಬ್ಬೊಬ್ಬರಿಗೂ ಎಲೆ ಅಡಿಕೆ ಕೊಟ್ಟು ಕರೆದ. ಪುಟ್ಟತಾಯಮ್ಮನ ಮುಂದೆ ನಿಂತು, “ಬಡಿಸಕೆ ಬರ್ಬೇಡಿ ಕಣಕ್ಕ, ಉಣ್ಣಾಕೆ ಬನ್ನಿ,” ಎಂದ. ಆಸ್ಪತ್ರೆಯ ಸಾಲಿನಲ್ಲಿ ಬಿಟ್ಟು ಬೇರೆ ಎಲ್ಲೂ ಹೆಸರು ಹಿಡಿದು ಕರೆಸಿಕೊಳ್ಳದ ಜನ. ಕೆಲವರು ಆ ಎಲೆಯನ್ನು ಬಾಡುವವರೆಗೂ ಜೇಬಿನಲ್ಲಿ ಇಟ್ಟುಕೊಂಡಿದ್ದರು. ನನಗೆ ತಡೆಯಲಾಗಲಿಲ್ಲ, ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಮದುವೆ ಕೆ.ಆರ್. ಪೇಟೆಯ ಛತ್ರದಲ್ಲಿ. ಇಂಥ ಕಡೆ ಕರೆದುಕೊಂಡು ಹೋಗುವಾಗ ಮಾತ್ರೆಯಿಂದ ಬಾಯಿ ಒಣಗುತ್ತದೆಂದು ನೀರಿನ ಬಾಟಲಿ ಇಟ್ಟುಕೊಳ್ಳಿ, ವಾಲಗದ ಸದ್ದಿಗೆ ಹಿಂಸೆಯಾಗುವವರನ್ನು ಬಾಗಿಲ ಹತ್ತಿರ ಕೂರಿಸಿ. ನಾವೆಲ್ಲ ಹಾಗೇ ಹಿಂದಿನ ಸಾಲಿನಲ್ಲಿ ಕುಳಿತೆವು, ದಿವಾಕರ ಸರ್ ಕೂಡ. ಪಕ್ಕದ ಇಬ್ಬರು ಹೆಂಗಸರು ನಮ್ಮನ್ನು ನೋಡಿ ಏನೋ ಪಿಸುಗುಟ್ಟಿ ಎದ್ದು ಬೇರೆ ಕಡೆ ಹೋದರು. ನನಗೆ ಮೈ ಉರಿಯಿತು. ಜಬ್ಬಾರ್ ಮಾತ್ರ, “ಬಿಡಿ ಅಕ್ಕ, ಜಾಗ ಆಯ್ತು,” ಎಂದು ಕಾಲು ಚಾಚಿದ.

ಧಾರೆ ಮುಗಿಯಿತು. ಕಾಳಾಚಾರಿ ಪಂಚೆಯುಟ್ಟು, ಶಲ್ಯ ಹೊದ್ದು, ಬೆಳಗಿನಿಂದ ಮುಂದ್ಗಡೆಯೇ ನಿಂತಿದ್ದ. ಆಮೇಲೆ ಫೋಟೊ ಶುರುವಾಯಿತು. ಮಾವನ ಕಡೆಯವರು, ಚಿಕ್ಕಮ್ಮನ ಕಡೆಯವರು ಎಂದು ಒಬ್ಬೊಬ್ಬ ನೆಂಟನೂ ಹೆಂಡತಿ ಮಕ್ಕಳು, ಬೀಗರು ಬಿಜ್ಜರನ್ನು ಕಟ್ಟಿಕೊಂಡು ವೇದಿಕೆ ಹತ್ತುವುದು, ಇಳಿಯುವುದು. ಕಾಳಾಚಾರಿಯ ಸರದಿ ಬಂತು. ಫೋಟೊದವನು ಅತ್ತಿತ್ತ ನೋಡಿ, “ಹುಡುಗಿ ದೊಡ್ಡಪ್ಪ, ನೀವೊಬ್ರೇನಾ? ನಿಂತ್ಕಳಿ, ಬೇಗ ತೆಗೆದುಬಿಡ್ತೀನಿ,” ಎಂದ.

“ಒಬ್ನೇ ಅಲ್ಲ ಕಣಪ್ಪ, ಒಸಿ ತಡಿ,” ಎಂದ ಕಾಳಾಚಾರಿ. ವೇದಿಕೆಯ ಅಂಚಿಗೆ ಬಂದು, ಛತ್ರಕ್ಕೆಲ್ಲ ಕೇಳುವಂತೆ ಕೂಗಿದ. “ಲೇ ಜಬ್ಬಾರ! ಪುಟ್ಟಕ್ಕ! ಸರೋಜಕ್ಕ, ಸಾರ್‌ನೂ ಕರ್ಕಬನ್ನಿ! ಅಲ್ಲಿ ಯಾಕ್ ಕುಂತಿದ್ದೀರಿ, ಎಲ್ಲಾ ಮ್ಯಾಕ್ ಬನ್ನಿ!”

ನಾವು ಒಬ್ಬರ ಹಿಂದೆ ಒಬ್ಬರು ಮೆಟ್ಟಿಲು ಹತ್ತಿದೆವು. ಭವ್ಯ ಸರಿದು ಜಾಗ ಮಾಡಿದಳು, ಹುಡುಗನೂ ಸರಿದ. ಫೋಟೊದವನು ಹಿಂದೆ ಹಿಂದೆ ಹೋಗಿ ಕುರ್ಚಿಯ ಸಾಲಿಗೆ ಬಡಿದು ನಿಂತ.

“ಇಷ್ಟೊಂದ್ ಜನಾನಾ?” ಎಂದ.

“ಹೂಂ ಕಣಪ್ಪ, ನನ್ ಕಡೆಯೋರು,” ಎಂದ ಕಾಳಾಚಾರಿ. “ಯಾರ್ನೂ ಬುಡ್ಬೇಡ, ಎಲ್ಲಾರ್ನೂ ತಗಿ.”